ಫ್ರಿಜ್ಜಿನೊಳಗೆ ಕಾರಿನ ಕೀ

ಇವತ್ತು ಮಾಡಿದ ಕೆಲಸ: ನಾಲ್ಕೂಮುಕ್ಕಾಲಿಗೆ ಎದ್ದು ಸ್ನಾನ, ದೇವರ ದೀಪ. ಕರಿಬೇವಿನ ಕುಂಡ ಒಳಗೆ ತಂದಿಟ್ಟೆ, ರಾತ್ರಿ ಚಳಿ ಜಾಸ್ತಿ ಅಂತ ಫೋನು ತೋರಿಸುತ್ತಿತ್ತು. ಕಾರಿನ ಹಿಂದಿನ ಚಕ್ರಕ್ಕೆ ಗಾಳಿ ತುಂಬಿಸಿದೆ. ಹೈವೇ ಹಿಡಿದು ಒಂದು ಕ್ಯಾರೊಲೈನಾ ದಾಟಿ, ಇನ್ನೊಂದು ಕ್ಯಾರೊಲೈನಾದಲ್ಲಿ ಶಾರ್ಲೆಟ್‌ನಿಂದ ಸ್ವಲ್ಪ ಆಚೆಗಿರುವ ಸಣ್ಣ ಊರಿಗೆ ಹೋದೆ. ಹೋಗಲು ನಾಲ್ಕು ಗಂಟೆ, ಬರಲು ನಾಲ್ಕೂವರೆ. ನಡುವೆ ಕತ್ತಲೆ ಹಾಲಿನಲ್ಲಿ ಕೂತು ಹದಿನಾರು ನಿಮಿಷದ ಸಿನಿಮಾ ನೋಡಿದೆ. ಮನೆಗೆ ಬಂದು, ನಿನ್ನೆಯಿಂದ ಡ್ರೈಯರಿನಲ್ಲೇ ಬಿದ್ದಿದ್ದ ಬಟ್ಟೆ ಮಡಿಚಿದೆ. ದೋಸೆಗೆ ನೆನೆಹಾಕಿದೆ. ಹಿಂದಿನ ಡೆಕ್ಕಿಗೆ ಹೋಗಿ ಪಕ್ಕದ ಮನೆಯ ಹಿಂಬದಿ ಕೋಣೆ ನೋಡಿದೆ. ಅಲ್ಲಿ ಪರದೆ ಇರಲಿಲ್ಲ, ದೀಪವೂ ಇರಲಿಲ್ಲ.

ಆ ಕೋಣೆಯಲ್ಲಿ ಎರಡೂವರೆ ವರ್ಷ ಬಾಡಿಗೆಗಿದ್ದ ಹುಡುಗಿಯ ಸಿನಿಮಾ ನೋಡಲಿಕ್ಕೇ ನಾನು ಹೋಗಿದ್ದು. ಕಳೆದ ವಾರ ಅವಳು ಕೋಣೆ ಖಾಲಿ ಮಾಡಿದಳು. ಸೋಮವಾರದಿಂದ ಅವಳಿಗೆ ಕ್ಯಾರೊಲೈನಾದ ಸಮುದ್ರತೀರದಲ್ಲಿ, ಬೇರೆ ಯಾರದೋ ಸಿನಿಮಾಕ್ಕೆ ಸೌಂಡ್ ರೆಕಾರ್ಡ್ ಮಾಡುವ ಕೆಲಸ. ಇನ್ನು ಅಟ್ಲಾಂಟಾ ಹತ್ತಿರದ ನಮ್ಮ ಸುವಾನಿ ಕಡೆಗೆ ಬರುವುದಿಲ್ಲ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಸಿನಿಮಾಗಳ ಕೊನೆಯಲ್ಲಿ ಬರಬೇಕಾದ ಹೆಸರು, ಅಲ್ಲೇ ಬರಲಿ. ಅವಳು ಆಡಿದ್ದೆಲ್ಲ ಇಂಗ್ಲಿಷು; ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಹೇಳುತ್ತೇನೆ.

ಪರಿಚಯವಾದದ್ದು ಕುಕ್ಕರಿನಿಂದ. ಕೋವಿಡ್ಡಿನ ಮರುವರ್ಷ. ನಮ್ಮವರಿಗೆ ದೂರದ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಪ್ರಾಜೆಕ್ಟು, ನಾಲ್ಕು ವಾರಕ್ಕೊಮ್ಮೆ ಬರುತ್ತಿದ್ದರು. ಮಗಳು ಕಾಲೇಜಿಗೆ ಹೋಗಿಯಾಗಿತ್ತು. ಒಬ್ಬಳೇ ಇದ್ದರೂ ಹತ್ತು ಗಂಟೆಗೆ ಬೇಳೆ ಇಡುವ ಅಭ್ಯಾಸ ಬಿಟ್ಟಿರಲಿಲ್ಲ. ಒಂದು ದಿನ ಈ ಹುಡುಗಿ ಬಾಗಿಲು ಬಡಿದಳು. ಮಾಸ್ಕು, ತಲೆಗೆ ಹಳದಿ ಸ್ಯಾಟಿನ್ ವಸ್ತ್ರ, ಕುತ್ತಿಗೆಯಲ್ಲಿ ದೊಡ್ಡ ಹೆಡ್‌ಫೋನು. ಆರಡಿಗೆ ಎರಡು ಬೆರಳು ಕಡಿಮೆ ಇರಬಹುದು. ಮೆಟ್ಟಿಲಿಳಿದು ದೂರ ನಿಂತು ಕೇಳಿದಳು:

"ಮ್ಯಾಮ್, ಕಂಪ್ಲೇಂಟ್ ಅಲ್ಲ ಇದು. ದಿನಾ ಹತ್ತು ಗಂಟೆಗೆ ನಿಮ್ಮನೇಲಿ ಮೂರು ಸಲ ರೈಲು ಬರುತ್ತಲ್ಲ, ಅದೇನು?"

ನಾನು ಒಳಗಿಂದ ಕುಕ್ಕರನ್ನೇ ತಂದು ತೋರಿಸಿದೆ. ಅವಳು ವೆಯ್ಟನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ವಾಪಸ್ಸು ಕೊಟ್ಟಳು. ಆಮೇಲೆ ಗೊತ್ತಾಯಿತು: ನಮ್ಮವು ಅಂಟಿಕೊಂಡ ಸಾಲುಮನೆ, ನನ್ನ ಅಡುಗೆಮನೆಯ ಗೋಡೆಯ ಆಚೆ ಬದಿಗೆ ಅವಳ ಬಟ್ಟೆಯ ಕ್ಲಾಸೆಟ್ಟು. ನೇತುಹಾಕಿದ ಕೋಟು ರಜಾಯಿಗಳ ನಡುವೆ ಕೂತು ಅವಳು ಧ್ವನಿ ರೆಕಾರ್ಡ್ ಮಾಡುತ್ತಿದ್ದಳು. ಒಂದು ತಿಂಗಳ ರೆಕಾರ್ಡಿಂಗಿನಲ್ಲೆಲ್ಲ ನಮ್ಮ ತೊಗರಿಬೇಳೆ ಕೂಗಿತ್ತು. ಅಂದಿನಿಂದ ನಾನು ಏಳೂವರೆಯೊಳಗೆ ಕುಕ್ಕರ್ ಇಳಿಸಿ "ಆಯ್ತು" ಅಂತ ಮೆಸೇಜ್ ಹಾಕುವುದು, ಅವಳು ಒಂದು ಹೆಬ್ಬೆರಳು ಕಳಿಸುವುದು. ಎಷ್ಟೋ ದಿನ ನನಗೆ ಬಂದ ಮೆಸೇಜು ಅಂದರೆ ಆ ಹೆಬ್ಬೆರಳು ಒಂದೇ.

'ಮ್ಯಾಮ್' ಹೋಗಿ 'ಮಿಸ್ ಸುಧಾ' ಆಯಿತು. ಅವರಲ್ಲಿ ದೊಡ್ಡವರನ್ನು ಹಾಗೇ ಕರೆಯುವುದಂತೆ, ಹೆಸರು ಹಿಡಿದರೂ ಮರ್ಯಾದೆ ಮುಂದಿರಬೇಕು. ಊರು ಯಾವುದು ಅಂತ ಕೇಳಿದೆ. "ಲ್ಯಾನ್‌ಹ್ಯಾಮ್, ಮೇರಿಲ್ಯಾಂಡ್. ನಿಮಗೆ ಗೊತ್ತಿರಲ್ಲ." ನಾನು ನಕ್ಕೆ. ಆ ಕಡೆ ಹೋದಾಗಲೆಲ್ಲ ನಾವು ದರ್ಶನ ಮಾಡಿಕೊಂಡು ಬರುವ ಊರು. ಬಿಳಿ ಗೋಪುರದ ಆ ದೇವಸ್ಥಾನದ ಮುಂದೆಯೇ ಅವಳ ಸ್ಕೂಲ್ ಬಸ್ಸು ಹೋಗುತ್ತಿತ್ತಂತೆ. "ವೀಕೆಂಡು ಬಂತು ಅಂದ್ರೆ ನಿಮ್ಮ ಜನ ರೋಡಿನ ತುಂಬ ಕಾರು ನಿಲ್ಲಿಸೋರು. ನಮ್ಮಪ್ಪ ಬೈಕೊಂಡೇ ಹೋಗಿ, ಬರ್ತಾ ದೋಸೆ ತರೋನು. ಉದ್ದಂದು, ಗರಿಗರಿ ಇರೋದು ಅಂತ ಹೇಳ್ತಿದ್ದ. ಹೆಸರು ಕೊನೇವರೆಗೂ ಬರಲಿಲ್ಲ."

ಆ ಅಪ್ಪ ಕೋವಿಡ್ಡಿನ ಮೊದಲ ತಿಂಗಳುಗಳಲ್ಲೇ ಹೋದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಇವಳು ಅಟ್ಲಾಂಟಾದಲ್ಲಿ, ಅಮ್ಮ ಲ್ಯಾನ್‌ಹ್ಯಾಮಿನ ಅಡುಗೆಮನೆಯಲ್ಲಿ, ಮೊಬೈಲಿಗೆ ಬರಬೇಕಾದ ಆಸ್ಪತ್ರೆಯ ಕರೆಗೆ ಕಾಯುತ್ತ. ಬೆಳಗ್ಗೆಯಿಂದ ಸಂಜೆಯವರೆಗೆ ತಾಯಿ ಮಗಳು ಮನೆಯ ಫೋನಿನ ಲೈನು ಕಟ್ ಮಾಡದೆ ಇಟ್ಟುಕೊಂಡಿದ್ದರಂತೆ. ಮಾತಿಲ್ಲ. ಇವಳಿಗೆ ಕೇಳಿಸಿದ್ದು ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ನಲ್ಲಿ, ಒಂದು ಡ್ರಾಯರು ತೆಗೆದು ಮುಚ್ಚಿದ್ದು. ಅಮ್ಮ ಅಲ್ಲಿ ಏನು ಮಾಡುತ್ತಿದ್ದರು ಅಂತ ಕಾಣಲಿಲ್ಲ. ಆ ದಿನವನ್ನೇ ಸಿನಿಮಾ ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಎರಡೇ: ಅದನ್ನು ಮುಗಿಸಬೇಕು, ಒಂದು ಹಾಲಿನಲ್ಲಿ ಅಮ್ಮನನ್ನು ಕೂರಿಸಿ ತೋರಿಸಬೇಕು. ಅಮ್ಮ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮಗಳೂ ಬಂದು ಅಂಥದ್ದೇ ಒಂದು ಕುರ್ಚಿ ಹಿಡಿಯಲಿ ಅಂತ ಅವರ ಆಸೆ. ಸಿನಿಮಾದ ಮಾತೆತ್ತಿದರೆ ಒಂದೇ ಉತ್ತರ: "ನಾನದನ್ನ ಬದುಕಿದೀನಿ. ಮತ್ತೆ ಯಾಕೆ ನೋಡ್ಲಿ?"

ಹೊಟ್ಟೆಪಾಡಿಗೆ ಅವಳು ಅಟ್ಲಾಂಟಾದ ದೊಡ್ಡ ಶೂಟಿಂಗುಗಳಿಗೆ ಹೋಗುತ್ತಿದ್ದಳು. ಕೆಲಸ ಏನು ಅಂದರೆ, ಬೀದಿಯ ಮೂಲೆಯಲ್ಲಿ ನಿಂತು, ಬರುವ ಹೋಗುವವರಿಗೆ "ದಯವಿಟ್ಟು ಒಂದು ನಿಮಿಷ, ಶೂಟಿಂಗ್ ನಡೀತಿದೆ" ಅನ್ನುವುದು. ಹನ್ನೆರಡು ಗಂಟೆ, ಹದಿನಾಲ್ಕು ಗಂಟೆ. "ಕ್ಯಾಮೆರಾ ಎಲ್ಲಿದೆ ಅಂತಾನೂ ಕಾಣಲ್ಲ ಮಿಸ್ ಸುಧಾ. ನಾನು ಸಿನಿಮಾದ ವಾಚ್‌ಮನ್ನು." ಬಂದು, ಕಾರಿನಲ್ಲೇ ಅರ್ಧ ಗಂಟೆ ಕೂತಿದ್ದು ಆಮೇಲೆ ಇಳಿಯುತ್ತಿದ್ದಳು. ಕೂತು ತಿಂದದ್ದನ್ನು ನಾನು ನೋಡಿಲ್ಲ. ಏನು ಕೊಟ್ಟರೂ ಕೌಂಟರಿಗೆ ಒರಗಿ ನಿಂತೇ ತಿನ್ನುವಳು. ನೆನಪಿಡಬೇಕಾದ್ದನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಪೆನ್ನಿನಲ್ಲಿ ಬರೆದುಕೊಳ್ಳುವಳು. ಹಳೇ ಜೀನ್ಸಿನ ಕಾಲಿಗೆ ಮರಳು ತುಂಬಿ ಹೊಲಿದು, ಲೈಟಿನ ಸ್ಟ್ಯಾಂಡು ಬೀಳದಂತೆ ತೂಕಕ್ಕೆ ಇಡುವಳು. ಆ ಹೊಲಿಗೆ ನೋಡಲಾಗದೆ ಎರಡನ್ನು ನಾನೇ ಮಿಷನ್ನಿನಲ್ಲಿ ಹೊಲಿದುಕೊಟ್ಟೆ.

ಒಂದು ಬೆಳಗ್ಗೆ ಹಕ್ಕಿಗಳ ಸದ್ದು ಬೇಕು ಅಂತ ನಮ್ಮ ಬೀದಿಯಲ್ಲೇ ಉದ್ದನೆಯ ಕೋಲಿಗೆ ಮೈಕು ಕಟ್ಟಿಕೊಂಡು ನಿಂತಿದ್ದಳು. ಮೈಕಿಗೆ ಗಾಳಿ ಹೊಡೆಯಬಾರದೆಂದು ತುಪ್ಪಳದ ಚೀಲ. ಹತ್ತು ನಿಮಿಷದಲ್ಲಿ ಬಡಾವಣೆಯ ಆನ್‌ಲೈನ್ ಗುಂಪಿನಲ್ಲಿ ಯಾರೋ ಬರೆದರು: ಕಪ್ಪು ಬಣ್ಣದ ಅಪರಿಚಿತ ವ್ಯಕ್ತಿ, ಕೈಯಲ್ಲಿ ಉದ್ದದ ವಸ್ತು. ಹದಿನೈದು ನಿಮಿಷಕ್ಕೆ ಪೊಲೀಸ್ ಕಾರು. ನಾನು ಮನೆಯ ಚಪ್ಪಲಿಯಲ್ಲೇ ಓಡಿದೆ. ಅವಳು ಕೋಲನ್ನು ನೆಲಕ್ಕೆ ಮಲಗಿಸಿ, ಎರಡೂ ಅಂಗೈ ಕಾಣುವಂತೆ ನಿಂತು, ಬಹಳ ನಿಧಾನವಾಗಿ ಉತ್ತರ ಕೊಡುತ್ತಿದ್ದಳು. ನಾನು "ಶಿ ಈಸ್ ಮೈ ನೇಬರ್" ಅಂದೆ. ಆತ ನನ್ನನ್ನು ನೋಡಿ, ತಲೆಯಾಡಿಸಿ ಹೋದ. ನಾನೂ ಅದೇ ಬೀದಿಯಲ್ಲಿ ನಾಯಿಗಳಿಗೆ ಹೆದರಿ ದಿನಾ ಕೋಲು ಹಿಡಿದು ವಾಕ್ ಮಾಡುತ್ತೇನೆ, ಈವರೆಗೆ ಯಾರೂ ಏನೂ ಬರೆದಿಲ್ಲ.

ಅವಳು ಅದನ್ನು ಮತ್ತೆ ಎತ್ತಲಿಲ್ಲ. ಮುಂದಿನ ಸಲ ಹೊರಗೆ ರೆಕಾರ್ಡ್ ಮಾಡುವಾಗ ಮಾತ್ರ ಬಂದು ಕೇಳಿದಳು: "ಸುಮ್ಮನೆ ಜೊತೇಲಿ ನಿಂತ್ಕೋತೀರಾ? ಕೈಯಲ್ಲಿ ತರಕಾರಿ ಬ್ಯಾಗಿದ್ರೆ ಒಳ್ಳೇದು." ಹೀಗೆ ನಾನು ಎಷ್ಟೋ ಬೆಳಗ್ಗೆ ಖಾಲಿ ಬ್ಯಾಗು ಹಿಡಿದು ನಿಂತಿದ್ದೇನೆ. ಶನಿವಾರದ ಲಲಿತಾ ಸಹಸ್ರನಾಮದಲ್ಲಿ ಗೆಳತಿಯೊಬ್ಬರು ಕೆಣಕಿದರು: "ಏನ್ರೀ ಸುಧಾ, ಹಾಲಿವುಡ್ಡಿಗೆ ಸೇರ್ಕೊಂಡ್ರಂತೆ. ಏನು ಪಾರ್ಟು?" "ಬ್ಯಾಗ್ ಹಿಡ್ಕೊಳ್ಳೋದು," ಅಂದೆ.

ಅವಳಿಗೊಂದು ಅಡುಗೆಮನೆ ಬೇಕಾಗಿತ್ತು. ಲ್ಯಾನ್‌ಹ್ಯಾಮಿನದನ್ನು ಅಮ್ಮ ಕೊಡುವುದಿಲ್ಲ. ನಾನು ನನ್ನದನ್ನು ಕೊಟ್ಟೆ. ಎರಡು ದಿನದ ಕೆಲಸ. ಮೊದಲ ದಿನ ಬಂದವರು ಇಬ್ಬರೇ: ಇವಳು, ಮತ್ತು ಅಮ್ಮನ ಪಾತ್ರ ಮಾಡುವ ಹೆಂಗಸು. ಆಕೆ ಶಾಲಾ ಬಸ್ಸಿನ ಡ್ರೈವರ್, ಚರ್ಚಿನಲ್ಲಿ ಹಾಡುವವರು. ನಾನು ಮಸಾಲೆ ಡಬ್ಬ, ಕ್ಯಾಲೆಂಡರು, ದೇವರ ಫೋಟೊ ಎಲ್ಲ ತೆಗೆದು ಮೇಲೆ ಇಟ್ಟುಬಂದೆ. ನೆಲಕ್ಕೆ ಟೇಪಿನ ಗುರುತು ಬಂತು. ಫ್ರಿಜ್ಜಿನ ಸದ್ದು ಮೈಕಿಗೆ ಬೀಳುತ್ತದೆ, ಸ್ವಲ್ಪ ಹೊತ್ತು ಆಫ್ ಮಾಡಲೇ ಅಂತ ಕೇಳಿದಳು. ಮಾಡು ಅಂದೆ. ಒಳಗಿನ ಗುಂಡಿ ತಿರುಗಿಸಿದಳು, ಸದ್ದು ನಿಂತಿತು. ಆಕೆ ಕೌಂಟರಿನ ಮೇಲೆ ಕೈಯೂರಿ ನಿಲ್ಲುವುದು, ನಲ್ಲಿ ಬಿಡುವುದು, ನಿಲ್ಲಿಸುವುದು, ಮತ್ತೆ ನಿಲ್ಲುವುದು. "ಇನ್ನೊಂದು ಸಲ, ನನಗೋಸ್ಕರ," ಅನ್ನುವಳು ಹುಡುಗಿ. ಹದಿನಾರು ಸಲ ನನಗೋಸ್ಕರ ಆಯಿತು.

ಮುಗಿದಾಗ ಮಧ್ಯಾಹ್ನ ಎರಡು. ಇಬ್ಬರಿಗೂ ಮಜ್ಜಿಗೆ ಕೊಡೋಣ ಅಂತ ಫ್ರಿಜ್ಜು ತೆಗೆದರೆ, ಮೊಸರಿನ ಪಾತ್ರೆಯ ಪಕ್ಕದಲ್ಲಿ ಅವಳ ಕಾರಿನ ಕೀ. ನನಗೆ ಅಯ್ಯೋ ಅನ್ನಿಸಿತು. ಐದು ಗಂಟೆಗೆ ಎದ್ದು ಬಂದ ಹುಡುಗಿ, ಎಲ್ಲಿ ಏನಿಡುತ್ತಿದ್ದೇನೆ ಅನ್ನುವ ಪ್ರಜ್ಞೆ ಕೂಡ ಇಲ್ಲ ಪಾಪ. ಕೀಯನ್ನು ಸೆರಗಿನಲ್ಲಿ ಒರೆಸಿ ಬಾಗಿಲ ಪಕ್ಕದ ಹುಕ್ಕಿಗೆ ಹಾಕಿದೆ. ಫ್ರಿಜ್ಜಿನ ದೀಪ ಉರಿಯುತ್ತಿತ್ತು, ಹಾಗಾಗಿ ಬೇರೆ ಯೋಚನೆ ಬರಲಿಲ್ಲ. ಹೋಗುವಾಗ ಅವಳು ಹುಕ್ಕಿನಿಂದ ಕೀ ತೆಗೆದುಕೊಂಡಳು, ಬಸ್ಸಿನ ಹೆಂಗಸನ್ನು ಮನೆಗೆ ಬಿಡಲು ಹೋದಳು.

ಮಾರನೆಯ ಬೆಳಗ್ಗೆ ಅಡುಗೆಮನೆಗೆ ಕಾಲಿಟ್ಟರೆ ಹುಳಿ ವಾಸನೆ. ಫ್ರೀಜರಿನಿಂದ ನೀರು ಸೋರಿ ನೆಲದ ಮೇಲೆ ಹರಿದಿತ್ತು. ನಮ್ಮವರು ಆ ಸಂಜೆ ಬರುವವರಿದ್ದರು. ಅವರಿಗೆ ಒಂದು ತಿಂಗಳಿಗೆ ಅಂತ ಹದಿನೈದು ದಿನದಿಂದ ಮಾಡಿ ಫ್ರೀಜ್ ಮಾಡಿದ್ದ ಹುಳಿ, ಕೂಟು, ಚಪಾತಿ, ತುರಿದ ಕಾಯಿ, ಎಲ್ಲ ಕೆಟ್ಟಿತ್ತು. ಅವಳಿಗೆ ಫೋನ್ ಮಾಡಿದೆ. ಓಡಿ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು.

"ನಾನು ಯಾವಾಗಲೂ ಕೀ ಫ್ರಿಜ್ಜಲ್ಲೇ ಇಡ್ತೀನಿ, ಮಿಸ್ ಸುಧಾ," ಅಂದಳು. "ಸೌಂಡಿನವರೆಲ್ಲ ಹಾಗೇ ಮಾಡೋದು. ಕೀ ಇಲ್ಲದೆ ಮನೆಗೆ ಹೋಗಕ್ಕಾಗಲ್ಲ. ಕೀ ತಗೊಳ್ಳೋಕೆ ಫ್ರಿಜ್ಜು ತೆಗೀಬೇಕು, ತೆಗೆದ್ರೆ ಆನ್ ಮಾಡೋದು ನೆನಪಾಗುತ್ತೆ. ನಿನ್ನೆ ಹುಕ್ಕಲ್ಲಿತ್ತು. ಅಂದ್ರೆ ನಾನು ಇಟ್ಟೇ ಇರಲಿಲ್ಲ."

ಆಗಲೇ ನಾನು ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. ಆದರೆ ಹದಿನೈದು ದಿನದ ಅಡುಗೆ ಕಣ್ಣ ಮುಂದೆ ಚರಂಡಿ ಪಾಲಾಗುತ್ತಿತ್ತು, ಒಳಗೆ ಸಿಟ್ಟಿತ್ತು, ಸಿಟ್ಟಿಗೆ ಒಬ್ಬರು ಬೇಕಿತ್ತು. ಅವಳು ತಾನಾಗಿ ಬಂದು ಆ ಜಾಗದಲ್ಲಿ ನಿಂತಳು. ನಾನು ಬಕೆಟ್ಟು ತಂದುಕೊಟ್ಟೆ. ಅವಳು ಮೊಣಕಾಲೂರಿ ಫ್ರಿಜ್ಜಿನ ಒಂದೊಂದೇ ತಟ್ಟೆ ತೆಗೆದು ಸೋಪು ಹಾಕಿ ಒರೆಸಿದಳು. ಮಧ್ಯಾಹ್ನ ಬಾಗಿಲ ಮುಂದೆ ಒಂದು ಚೀಲ ಇಟ್ಟುಹೋಗಿದ್ದಳು. ಎರಡು ಡಬ್ಬಿ ಮೊಸರು, ಚಪಾತಿಯ ಲೆಕ್ಕದಲ್ಲಿ ಟೋರ್ಟಿಯಾ, ಸಿಪ್ಪೆಯನ್ನೂ ಸುಲಿಯದ ಒಂದು ಎಳನೀರು.

ಆಮೇಲೆ ಅವಳು ಬರಲಿಲ್ಲ. ಏಳೂವರೆಗೆ ನಾನು "ಆಯ್ತು" ಅಂತ ಹಾಕಿದರೆ ಹೆಬ್ಬೆರಳು ಇಲ್ಲ. ಇನ್ನೊಂದು ದಿನದ ಶೂಟಿಂಗ್ ಬಾಕಿ ಇತ್ತು. ಆಸ್ಪತ್ರೆಯಿಂದ ಕರೆ ಬರುವ ಭಾಗ. ಅದಿಲ್ಲದೆ ಸಿನಿಮಾ ಇಲ್ಲ. ಅವಳು ಕೇಳಲಿಲ್ಲ, ನಾನು ಕರೆಯಲಿಲ್ಲ.

ಭಾನುವಾರ ಕಸದ ಡಬ್ಬಿ ಹೊರಗಿಡಲು ಹೋದ ನಮ್ಮವರು ತಿರುಗಿ ಬಂದು ಹೇಳಿದರು: "ಪಕ್ಕದ ಮನೆ ಹುಡುಗಿ ನನ್ನ ಹತ್ರಾನೂ ಸಾರಿ ಕೇಳಿದ್ಲು ಕಣೇ. ಲ್ಯಾನ್‌ಹ್ಯಾಮಿಗೆ ವಾಪಸ್ ಹೋಗ್ತಾಳಂತೆ. ಒಂದು ಫ್ರಿಜ್ ನೋಡ್ಕೊಳ್ಳೋಕೆ ಆಗದೋಳು ಸಿನಿಮಾ ಏನು ಮಾಡ್ತೀನಿ ಅಂದ್ಲು. ಅಷ್ಟು ಬೈದ್ಯಾ?"

"ಬೈದಿಲ್ಲ," ಅಂದೆ. ಆಮೇಲೆ ಕೀ ವಿಷಯ ಹೇಳಿದೆ.

ಅವರು ಚಪ್ಪಲಿ ಬಿಚ್ಚುತ್ತಿದ್ದವರು ಹಾಗೇ ನಿಂತರು. "ಹೋಗಿ ಹೇಳ್ಬಿಡೇ. ಊಟ ಹೋದ್ರೆ ಹೋಯ್ತು, ನಾನೇನು ಅಲ್ಲಿ ಪಿಜ್ಜಾ ತಿಂದು ಸಾಯಲ್ಲ."

ಅವರು ಹೇಳಿ ಹೋದ ಮೇಲೂ ನಾನು ಒಂದು ವಾರ ಕಳೆದೆ. ಒಟ್ಟು ಹನ್ನೊಂದು ದಿನ. ಸುಳ್ಳು ಹೇಳಿರಲಿಲ್ಲ ಅನ್ನುವುದನ್ನೇ ಹಿಡಿದುಕೊಂಡಿದ್ದೆ. ಹನ್ನೆರಡನೆಯ ದಿನ ಹೋಗಿ ಬಾಗಿಲು ಬಡಿದೆ. ಅವಳ ಹಿಂದೆ ಕಾರ್ಡ್‌ಬೋರ್ಡ್ ಡಬ್ಬಗಳು ಕಂಡವು.

"ಕೀ ನೀನು ಫ್ರಿಜ್ಜಲ್ಲೇ ಇಟ್ಟಿದ್ದೆ. ನಾನು ತೆಗೆದು ಹುಕ್ಕಿಗೆ ಹಾಕಿದೆ. ಗೊತ್ತಿಲ್ಲದೆ."

"ಯಾವತ್ತು ಗೊತ್ತಾಯ್ತು ನಿಮಗೆ?"

"ಅವತ್ತೇ. ನೀನು ಒರೆಸ್ತಾ ಇದ್ದಾಗ."

"ಕೀ ಇಟ್ಟಿದ್ದು ನನಗೆ ನೆನಪಿತ್ತು ಮಿಸ್ ಸುಧಾ. ಮೊಸರು ಪಾತ್ರೆ ಪಕ್ಕದಲ್ಲಿ. ಹನ್ನೊಂದು ದಿನ ತಲೇಲಿ ಅದನ್ನೇ ಓಡಿಸಿ ಓಡಿಸಿ ನೋಡಿದೀನಿ. ಕೊನೆಗೆ ನನ್ನ ನೆನಪೇ ಸರಿ ಇಲ್ಲ ಅಂದ್ಕೊಂಡೆ. ನನಗೆ ಸೆಟ್ಟಲ್ಲಿ ಇನ್ನೊಬ್ಬರಿಲ್ಲ. ನಾನು ಒಬ್ಬಳೇ. ನನ್ನ ನೆನಪನ್ನ ನಾನು ನಂಬದೆ ಹೋದ್ರೆ ಅಲ್ಲಿಗೆ ಮುಗೀತು."

ಕ್ಷಮಿಸು ಅಂದೆ. "ಹ್ಞೂಂ" ಅಂದಳು, ಬಾಗಿಲು ಹಾಕಿಕೊಂಡಳು. ದಢಾರನೆ ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೆಲ್ಲಗೆ ಹಾಕಿಕೊಂಡಳು.

ಮಾರನೆಯ ದಿನ ಮೆಸೇಜು ಬಂತು: "ಗುರುವಾರ. ಏಳರಿಂದ ಹನ್ನೆರಡು. ಕುಕ್ಕರ್ ಬೇಡ."

ಗುರುವಾರ ಅವಳು ಮೊದಲು ಮಾಡಿದ್ದು, ಕೀಯನ್ನು ನನ್ನ ಕೈಗೆ ಕೊಟ್ಟು "ನೀವೇ ಇಡಿ" ಅಂದದ್ದು. ನಾನು ಇಟ್ಟೆ. ಎಲ್ಲ ಮುಗಿದ ಮೇಲೆ, ಯಾರೂ ಅಲುಗಾಡಬೇಡಿ, ಒಂದು ನಿಮಿಷ ಈ ಮನೆಯ ಸದ್ದು ಮಾತ್ರ ಬೇಕು ಅಂದಳು. ಪ್ರತಿ ಜಾಗದಲ್ಲೂ ಹೀಗೆ ಅಲ್ಲಿನ ಮೌನವನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ, ಆಮೇಲೆ ಮಾತುಗಳ ನಡುವೆ ತುಂಬಲಿಕ್ಕೆ. ಮೂವರೂ ನಿಂತೆವು. ಹೆಡ್‌ಫೋನಿನೊಳಗೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹದಿನಾಲ್ಕು ವರ್ಷದಿಂದ ಇರುವ ಮನೆ, ಅದರಲ್ಲಿ ಅಷ್ಟು ಸದ್ದಿಲ್ಲದಿರುವುದನ್ನು ನಾನು ಅವತ್ತೇ ಕೇಳಿದ್ದು.

ನಂತರ ಒಂದೂವರೆ ವರ್ಷ ಎಡಿಟಿಂಗು, ಹಬ್ಬಗಳಿಗೆ ಅರ್ಜಿ. ಸಿನಿಮಾ ತೋರಿಸುವುದಕ್ಕೂ ಹಬ್ಬ ಅನ್ನುತ್ತಾರೆ. ಬೇಡ ಅನ್ನುವ ಈಮೇಲುಗಳನ್ನು ಅವಳು ನನಗೆ ಓದಿ ಹೇಳುವಳು, ಎಲ್ಲವೂ ಬಹಳ ಸಭ್ಯವಾಗಿರುತ್ತಿದ್ದವು. ನನ್ನ ಮೇಲಿನ ಮುನಿಸು ಯಾವಾಗ ಹೋಯಿತು ಅಂತ ನನಗೆ ಗೊತ್ತಾಗಲಿಲ್ಲ. ಪೂರ್ತಿ ಹೋಯಿತು ಅಂತಲೂ ಹೇಳಲಾರೆ. ಹೆಬ್ಬೆರಳು ಬರತೊಡಗಿತು, ಅಷ್ಟೇ. ಕೊನೆಗೆ ಈ ಕ್ಯಾರೊಲೈನಾದ ಸಣ್ಣ ಊರಿನವರು ಹೌದು ಅಂದರು. ಅಮ್ಮನಿಗೆ ಹೇಳಿದಳು. ಅಮ್ಮ "ನೋಡೋಣ" ಅಂದರು.

ಇವತ್ತು ಹಾಲಿನಲ್ಲಿ ಹದಿನೇಳು ಜನ. ನನ್ನ ಪಕ್ಕದ ಕುರ್ಚಿಯ ಮೇಲೆ ಶಾಲು ಹಾಕಿ ಅವಳಮ್ಮನಿಗೆ ಜಾಗ ಹಿಡಿದಿದ್ದೆ. ಹನ್ನೊಂದೂವರೆಗೆ ದೀಪ ಆರಿತು. ಶಾಲು ಹಾಗೇ ಇತ್ತು. ಪರದೆಯ ಮೇಲೆ ನನ್ನ ಕೌಂಟರು, ನನ್ನ ನಲ್ಲಿ, ಬೇರೆ ಯಾರದೋ ದುಃಖದಲ್ಲಿ ನನ್ನದಲ್ಲದ ಹಾಗೆ ಕಂಡವು. ಹುಡುಗಿ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಪರದೆಯನ್ನು ನೋಡಲೇ ಇಲ್ಲ, ಬಾಗಿಲನ್ನೇ ನೋಡುತ್ತಿದ್ದಳು. ಒಮ್ಮೆ ಬಾಗಿಲು ತೆರೆದು ಬೆಳಕು ಬಿತ್ತು, ಯಾರೋ ಒಳಬಂದರು. ಅವಳು ಗೋಡೆಯಿಂದ ಬೆನ್ನು ತೆಗೆದು ನೇರ ನಿಂತಳು. ದೀಪ ಹತ್ತಿದಾಗ ಕೊನೆಯ ಸಾಲಿನ ಹಿಂದೆ, ಬೂದು ಕೋಟು ಬಿಚ್ಚದೆ, ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತರದ ಹೆಂಗಸೊಬ್ಬರು ನಿಂತಿದ್ದರು. ಯಾರೂ ಹೇಳಬೇಕಾಗಿರಲಿಲ್ಲ, ಅದೇ ಎತ್ತರ.

ಹೊರಗೆ ಪಾರ್ಕಿಂಗಿನಲ್ಲಿ ತಾಯಿ ಮಗಳು ಒಂದು ಕಾರಿನಷ್ಟು ದೂರದಲ್ಲಿ ನಿಂತರು. ಅಪ್ಪಿಕೊಳ್ಳಲಿಲ್ಲ. ತಾಯಿಯೇ ಮೊದಲು ಮಾತಾಡಿದರು.

"ನಾನು ನಿಂತಿರಲಿಲ್ಲ. ನೆಲದ ಮೇಲೆ ಕೂತಿದ್ದೆ."

ಮಗಳು ತಾಯಿಯ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಒಲೆಗೆ ಬೆನ್ನು ಕೊಟ್ಟು. ಕಾಲು ನೀಡ್ಕೊಂಡು. ಆ ಹೆಂಗಸು ಬಹಳ ನೆಟ್ಟಗಿದ್ದಾಳೆ."

"ಆ ಡ್ರಾಯರ್ ತೆಗೆದಿದ್ದು ಯಾಕಮ್ಮಾ?"

"ನಿಮ್ಮಪ್ಪನ ಕನ್ನಡಕ. ಆಸ್ಪತ್ರೆಗೆ ಹೋಗುವಾಗ ಬಿಟ್ಟು ಹೋಗಿದ್ದ. ಅಲ್ಲಿ ಹೆಂಗೆ ಓದ್ತಾನೆ ಅಂತ ಚಿಂತೆ ಆಯ್ತು ನನಗೆ." ಆಮೇಲೆ ತಾವೇ, "ಓದೋ ಸ್ಥಿತೀಲಿದ್ನಾ ಅವನು," ಅಂದರು.

ಅವಳು ಇನ್ನೊಂದು ಕೇಳಿದಳು. ಅವರು ಹೇಳಿದರು. ಮತ್ತೊಂದು ಕೇಳಿದಳು. ನಾನು ಸ್ವಲ್ಪ ಆಚೆ ಹೋಗಿ ನನ್ನ ಕಾರಿನ ಗಾಜು ಒರೆಸಿದೆ, ಅದು ಕೊಳೆಯಾಗಿರಲಿಲ್ಲ. ಕೊನೆಗೆ ತಾಯಿ ನನ್ನನ್ನು ಕರೆದು, "ನಿಮ್ಮ ಅಡುಗೆಮನೆ ತುಂಬಾ ಚೊಕ್ಕಟ. ನಮ್ಮದು ಅವತ್ತು ಹಾಗಿರಲಿಲ್ಲ," ಅಂದರು. ಹೊಗಳಿಕೆಯೋ ಆಕ್ಷೇಪಣೆಯೋ ತಿಳಿಯದೆ "ಹೌದು" ಅಂದೆ. ಅವರು ಡಿಕ್ಕಿ ತೆಗೆದರು. ಟವೆಲಿನಲ್ಲಿ ಸುತ್ತಿದ ದೊಡ್ಡ ಫಾಯಿಲ್ ಟ್ರೇ, ಅದರ ತುಂಬ ಒಲೆಯಲ್ಲಿ ಬೇಯಿಸಿದ ಮ್ಯಾಕರೋನಿ ಚೀಸು. ನಿನ್ನೆ ರಾತ್ರಿಯೇ ಮಾಡಿ, ಇವತ್ತು ನಾಲ್ಕು ಗಂಟೆಗೆ ಮನೆ ಬಿಟ್ಟಿದ್ದರಂತೆ. ಊರಿಗೆ ಬಂದು ತಲುಪಿದ್ದು ಹತ್ತೂಮುಕ್ಕಾಲಿಗೆ. ಹಾಲಿನ ಮುಂದೆ ಕಾರಿನಲ್ಲೇ ಕೂತಿದ್ದರು. ಮಗಳ ಹಾಗೇ.

ನನಗೆ ಎರಡು ಚಮಚ ಬಡಿಸಿದರು, ಕಾರಿನ ಹಿಂಬದಿಗೆ ಒರಗಿ ತಿಂದೆ. ಎರಡು ಗಂಟೆಗೆ ಹೊರಟೆ. ಹುಡುಗಿ ಕೈಯೆತ್ತಿದಳು, ಮತ್ತೆ ಅಮ್ಮನ ಕಡೆ ತಿರುಗಿದಳು.

ರಾತ್ರಿಗೆ ಅವಲಕ್ಕಿಗೆ ಮೊಸರು ಕಲಸಿಕೊಂಡು ನಿಂಬೆ ಉಪ್ಪಿನಕಾಯಿ ಜೊತೆ ತಿಂದೆ. ನಮ್ಮವರು ಫೋನ್ ಮಾಡಿ "ಅವರಮ್ಮ ಬಂದ್ರಾ?" ಅಂತ ಕೇಳಿದರು, ಬಂದರು ಅಂದೆ. ಎಂಟೂಕಾಲಿಗೆ ಅವಳ ಮೆಸೇಜು. ತಾಯಿ ಮಗಳು ಮೋಟೆಲ್ಲಿನಲ್ಲಿದ್ದಾರೆ. ಉಳಿದ ಮ್ಯಾಕರೋನಿಯನ್ನೇ ತಣ್ಣಗೆ ತಿಂದರಂತೆ. ಅಮ್ಮ ಆ ದಿನದ ಬೆಳಗ್ಗೆಯಿಂದ ಶುರು ಮಾಡಿ ಒಂದೊಂದೇ ಹೇಳುತ್ತ, ಮಧ್ಯಾಹ್ನದವರೆಗೆ ಬಂದು, ಕ್ಯಾಮೆರಾ ಇಲ್ಲದ ಕೋಣೆಯಲ್ಲಿ, ಕೋಟು ಹಾಕಿಕೊಂಡೇ ಮಲಗಿಬಿಟ್ಟರಂತೆ. ಸಂಜೆಯ ಭಾಗ ನಾಳೆ ಹೇಳುತ್ತಾರಂತೆ.